ಅಕ್ಕನನ್ನು ದುಂಡಸಿಗೆ ಕೊಟ್ಟದ್ದು ಮತ್ತು ಇಂಗ್ಲಿಷಿನ ‘ಗಿವ್’

ನಮ್ಮ ಅಕ್ಕನನ್ನು ದುಂಡಸಿಗೆ ಕೊಟ್ಟಿದ್ದೇವೆ. ಈ ಮಾತನ್ನು ಹಾನಗಲ್ಲಿನಲ್ಲಿ ಹೇಳಿ, ಸವಣೂರಿನಲ್ಲಿ ಹೇಳಿ, ಹಿರೇಕೆರೂರಿನ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಹೇಳಿ. ಕೇಳಿದವರು ‘ಹೌದ್ರಿ? ಯಾರ ಮನಿಗೆ?’ ಅಂದಾರು, ಅಷ್ಟೆ. ಯಾರೂ ಹುಬ್ಬು ಹಾರಿಸುವುದಿಲ್ಲ. ಹೆಣ್ಣನ್ನು ಒಂದು ಊರಿಗೆ ಕೊಡುವುದೆಂದರೆ ಮದುವೆ ಮಾಡಿ ಕಳಿಸುವುದು ಎಂದು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇದೇ ಮಾತು ಇಂಗ್ಲಿಷಿನ ಹೊಸ್ತಿಲು ದಾಟಿದ ಕೂಡಲೇ ಎಂಥ ಪೇಚಾಟಕ್ಕೆ ಸಿಗುತ್ತದೆ ಎಂಬುದನ್ನು ನಾನು ಕಂಡದ್ದು 2023ರ ದಸರಾ ಸೂಟಿಯಲ್ಲಿ, ಅಕ್ಕನ ಮನೆಯ ಪಡಸಾಲೆಯಲ್ಲಿ.

ದುಂಡಸಿ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಊರು. ಶಿಶುನಾಳ ಷರೀಫರ ಶಿಶುನಾಳ ಇದೇ ತಾಲ್ಲೂಕಿನದು, ಕನಕದಾಸರ ಬಾಡವೂ ಇದೇ ತಾಲ್ಲೂಕಿನದು. 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯ ಇರುವ ಗೊಟಗೋಡಿಯೂ ಇಲ್ಲಿಯದೇ. ಒಟ್ಟಿನಲ್ಲಿ ಮಾತಿಗೆ ಬರವಿಲ್ಲದ ಸೀಮೆ. ಆ ವರ್ಷ ಬರ ಬಿದ್ದದ್ದು ಮಳೆಗೆ. ಅಕ್ಕನ ಮಗಳು ಆಗ ಎಂಟನೇ ಇಯತ್ತೆ. ‘ಗಿವ್’ ಎಂಬ ಕ್ರಿಯಾಪದ ಬಳಸಿ ಐದು ಸ್ವಂತ ವಾಕ್ಯ ಬರೆದುಕೊಂಡು ಬನ್ನಿ ಎಂದು ಶಾಲೆಯಲ್ಲಿ ಹೇಳಿದ್ದರು. ಬರೆದಿದ್ದಳು, ತಿದ್ದಿಸಿಕೊಂಡೂ ಬಂದಿದ್ದಳು. ಐದರಲ್ಲಿ ಮೂರಕ್ಕೆ ಕೆಂಪು ಗೆರೆ.

‘ಮಾಮಾ, ಮೂರು ತಪ್ಪಂತ. ಯಾಕ ತಪ್ಪು ಅಂತ ತಿಳೀವಲ್ತು’ ಎಂದು ನೋಟ್‌ಬುಕ್ಕನ್ನು ನನ್ನ ತೊಡೆಯ ಮೇಲೆ ಒಗೆದಳು. ಅದರಲ್ಲಿದ್ದ ಐದು ವಾಕ್ಯ ಇವು: ‘ಗಿವ್ ಟು ಮಿ ಒನ್ ಪೆನ್.’ ‘ದ ಕೌ ಗಿವ್ಸ್ ಮಿಲ್ಕ್.’ ‘ಮೈ ಮದರ್ ವಾಸ್ ಗಿವನ್ ಟು ದುಂಡಸಿ.’ ‘ದಿಸ್ ಇಯರ್ ರೇನ್ ಗೇವ್ ಹ್ಯಾಂಡ್.’ ‘ಮೈ ಫಾದರ್ ಗೇವ್ ಮಿ ಅ ಸೈಕಲ್.’ ಆಕಳು ಮತ್ತು ಸೈಕಲ್ಲು ಪಾಸು. ಪೆನ್ನು, ತಾಯಿ, ಮಳೆ ನಪಾಸು.

ತಿದ್ದಿದ ಮಾಸ್ತರರ ಮೇಲೆ ನನ್ನದೇನೂ ದೂರಿಲ್ಲ. ತರಗತಿ ತುಂಬ ಮಕ್ಕಳಿರುವಾಗ ಒಂದೊಂದು ವಾಕ್ಯದ ಹೊಟ್ಟೆ ಬಗೆದು ನೋಡುತ್ತ ಕೂರಲು ಯಾರಿಗೆ ಆದೀತು? ನನಗೆ ಸೂಟಿ ಇತ್ತು, ಕೂತು ನೋಡಿದೆ. ನೋಡುತ್ತ ಹೋದಂತೆ ಆ ಮೂರು ತಪ್ಪುಗಳೇ ಆ ಎರಡು ಸರಿಗಳಿಗಿಂತ ಬುದ್ಧಿವಂತಿಕೆಯವು ಅನ್ನಿಸಿತು.

ಮೊದಲು ಪೆನ್ನಿನ ಸಂಗತಿ. ಕನ್ನಡದಲ್ಲಿ ‘ನನಗ ಪೆನ್ನ ಕೊಡು’ ಎನ್ನಬಹುದು, ‘ಪೆನ್ನ ನನಗ ಕೊಡು’ ಎನ್ನಬಹುದು, ಸಿಟ್ಟು ಬಂದರೆ ‘ಕೊಡು ನನಗ ಪೆನ್ನ’ ಎಂದೂ ಅನ್ನಬಹುದು. ಪದಗಳು ಎಲ್ಲಿ ಕೂತರೂ ಪೆನ್ನು ಯಾರ ಕೈಗೆ ಹೋಗಬೇಕು ಎಂಬುದು ತಪ್ಪುವುದಿಲ್ಲ. ಯಾಕೆಂದರೆ ‘ನನಗೆ’ ಎಂಬಲ್ಲಿಯ ‘ಗೆ’ ಅಂಟಿಕೊಂಡೇ ಇರುತ್ತದೆ. 13ನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಚತುರ್ಥಿ ಎಂದು ಹೆಸರಿಟ್ಟು ಕೂಡಿಸಿದ್ದು ಇದನ್ನೇ. ಆ ವಿಭಕ್ತಿಯ ಕಾರಕಕ್ಕೆ ಪಾಣಿನಿಯ ಕಾಲದಿಂದ ಇರುವ ಹೆಸರು ಸಂಪ್ರದಾನ, ಅಂದರೆ ಕೊಡುವಿಕೆ. ತಮಾಷೆಯೆಂದರೆ ಯುರೋಪಿನ ವ್ಯಾಕರಣಗಳಲ್ಲಿ ಈ ವಿಭಕ್ತಿಗೆ ಇರುವ ‘ಡೇಟಿವ್’ ಎಂಬ ಹೆಸರೂ ಲ್ಯಾಟಿನ್ನಿನ ‘ಕೊಡು’ ಧಾತುವಿನಿಂದಲೇ ಬಂದದ್ದು. ಎರಡು ಕಡೆಯ ವೈಯಾಕರಣರೂ ಈ ವಿಭಕ್ತಿಗೆ ಹೆಸರಿಡುವಾಗ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ವಸ್ತುವೊಂದು ದಾಟುವುದನ್ನೇ ಕಣ್ಣ ಮುಂದೆ ಇಟ್ಟುಕೊಂಡಿದ್ದರು.

ಇಂಗ್ಲಿಷಿಗೂ ಒಂದು ಕಾಲದಲ್ಲಿ ಇಂಥ ಪ್ರತ್ಯಯಗಳಿದ್ದವು. ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ನಾಮಪದಗಳಿಗೆ ಚತುರ್ಥಿಯ ರೂಪ ಬೇರೆಯೇ ಇತ್ತು. ಕ್ರಮೇಣ ಅವು ಸವೆದು ಉದುರಿದವು. ಬಾಲ ಹೋದ ಮೇಲೆ ಯಾರು ಕೊಟ್ಟವರು, ಯಾರು ಪಡೆದವರು, ಏನು ಕೊಟ್ಟದ್ದು ಎಂದು ತಿಳಿಯುವುದು ಹೇಗೆ? ಪದಗಳ ಸರದಿಯಿಂದ. ರೇಷನ್ ಅಂಗಡಿಯ ಸಾಲಿನ ಹಾಗೆ, ಯಾರು ಯಾರ ಹಿಂದೆ ನಿಂತಿದ್ದಾರೆ ಎಂಬುದೇ ಎಲ್ಲ. ‘ಗಿವ್’ ಆದ ಮೇಲೆ ಪಡೆಯುವವನು ಮೊದಲು ನಿಂತರೆ ಅವನಿಗೆ ಯಾವ ಗುರುತೂ ಬೇಡ: ‘ಗಿವ್ ಮಿ ಅ ಪೆನ್.’ ವಸ್ತು ಮೊದಲು ಬಂದು ಪಡೆಯುವವನು ಹಿಂದೆ ಬಿದ್ದರೆ ಮಾತ್ರ ಅವನಿಗೆ ‘ಟು’ ಎಂಬ ಚೀಟಿ ಬೇಕು: ‘ಗಿವ್ ದ ಪೆನ್ ಟು ಮಿ.’ ನಮ್ಮ ಹುಡುಗಿ ಮಾಡಿದ್ದೇನು? ಪಡೆಯುವವಳನ್ನು ಮುಂದೆಯೂ ನಿಲ್ಲಿಸಿದಳು, ಕೈಯಲ್ಲಿ ಚೀಟಿಯನ್ನೂ ಕೊಟ್ಟಳು. ‘ನನಗೆ’ ಎಂಬಲ್ಲಿಯ ‘ಗೆ’ಯನ್ನು ಬಿಡಲು ಮನಸ್ಸಾಗಲಿಲ್ಲ. ಕನ್ನಡದ ಮಗುವಿಗೆ ಅದು ಹೇಗೆ ಮನಸ್ಸಾದೀತು?

ಇಷ್ಟಕ್ಕೂ ಆ ‘ಗೆ’ ಇಂಗ್ಲಿಷಿನಿಂದ ಪೂರ್ತಿ ಹೋಗಿಲ್ಲ. ‘ಹಿಮ್’ ಎಂಬ ರೂಪ ಹಳೆಯ ಇಂಗ್ಲಿಷಿನಲ್ಲಿ ‘ಅವನಿಗೆ’ ಎಂದೇ ಇದ್ದದ್ದು; ‘ಅವನನ್ನು’ ಎನ್ನಲು ಬೇರೆ ರೂಪವಿತ್ತು, ಅದು ಸತ್ತಿತು. ‘ಮಿ’ಯ ಕಥೆಯೂ ಹೆಚ್ಚುಕಡಿಮೆ ಹೀಗೆಯೇ. ಹಾಗಾಗಿ ‘ಗಿವ್ ಮಿ’ ಎನ್ನುವಾಗ ಆ ‘ಮಿ’ಯ ಒಳಗೆ ‘ನನಗೆ’ ಆಗಲೇ ಕೂತಿದೆ, ಇನ್ನೊಂದು ‘ಟು’ ಹಚ್ಚಿದರೆ ‘ನನಗೆಗೆ’ ಎಂದಂತೆ. ಹೀಗೆ ಹೇಳಿದ್ದಕ್ಕೆ ಹುಡುಗಿ ಕಿಸಕ್ಕನೆ ನಕ್ಕಳು. ನಿಯಮ ಹೇಳಿದ್ದರೆ ನಗುತ್ತಿರಲಿಲ್ಲ, ನೆನಪೂ ಇಟ್ಟುಕೊಳ್ಳುತ್ತಿರಲಿಲ್ಲ.

ಜರ್ಮನ್ ಭಾಷಾವಿಜ್ಞಾನಿ ಮಾರ್ಟಿನ್ ಹಾಸ್‌ಪೆಲ್‌ಮಾತ್ ಜಗತ್ತಿನ 378 ಭಾಷೆಗಳಲ್ಲಿ ‘ಕೊಡು’ ಎಂಬ ಒಂದೇ ಕ್ರಿಯಾಪದ ಹೇಗೆ ವಾಕ್ಯ ಕಟ್ಟುತ್ತದೆ ಎಂದು ಪರಿಶೀಲಿಸಿದ್ದಾರೆ. ಅವುಗಳಲ್ಲಿ ಅರ್ಧದಷ್ಟು ಭಾಷೆಗಳು ನಮ್ಮಂತೆಯೇ ಪಡೆಯುವವನಿಗೆ ಬೇರೆ ಗುರುತು ಹಚ್ಚುತ್ತವೆ. ಇಂಗ್ಲಿಷು ಎರಡೂ ದೋಣಿಯಲ್ಲಿ ಕಾಲಿಟ್ಟ ಮಿಶ್ರ ಗುಂಪಿನದು. ಅದರಲ್ಲೂ ಒಂದು ಒಳರಾಜಕೀಯ ಇದೆ. ‘ಗಿವ್’, ‘ಸೆಂಡ್’, ‘ಟೆಲ್’ ಮುಂತಾದ ಹುಟ್ಟಾ ಇಂಗ್ಲಿಷ್ ಕ್ರಿಯಾಪದಗಳಿಗೆ ಈ ಎರಡೂ ಬಗೆ ಸಲ್ಲುತ್ತವೆ. ಲ್ಯಾಟಿನ್ನಿನಿಂದ ಬಂದ ‘ಡೊನೇಟ್’, ‘ಎಕ್ಸ್‌ಪ್ಲೇನ್’ ಮುಂತಾದವಕ್ಕೆ ‘ಟು’ ಇಲ್ಲದೆ ಗತಿಯಿಲ್ಲ. ‘ಎಕ್ಸ್‌ಪ್ಲೇನ್ ಮಿ ದಿಸ್’ ಎಂದು ನಾವು ದಿನಕ್ಕೆ ಹತ್ತು ಸಲ ಹೇಳುತ್ತೇವೆ, ಅದು ತಪ್ಪು. ‘ಟೆಲ್ ಮಿ ದಿಸ್’ ಸರಿ. ಎರಡಕ್ಕೂ ಕನ್ನಡದಲ್ಲಿ ಇರುವುದು ಒಂದೇ ‘ನನಗೆ’. ಇದನ್ನು ಯಾವ ಮಾಸ್ತರರೂ ನನಗೆ ಶಾಲೆಯಲ್ಲಿ ಹೇಳಿಕೊಟ್ಟಿರಲಿಲ್ಲ. ಪದದ ಊರು ಯಾವುದು ಎಂಬುದರ ಮೇಲೆ ವ್ಯಾಕರಣ ನಿಂತಿದೆ ಎಂದರೆ ನಂಬುವುದು ಕಷ್ಟ, ಆದರೆ ಹೆಚ್ಚುಪಾಲು ಹಾಗೆಯೇ ಇದೆ.

‘ಗಿವ್’ಗೂ ಒಂದು ಹೊರಗಿನ ನಂಟಿದೆ. ಹಳೆಯ ಇಂಗ್ಲಿಷಿನಲ್ಲಿ ಈ ಪದದ ಮೊದಲ ಅಕ್ಷರವನ್ನು ‘ಯ’ಕಾರದಂತೆ ಉಚ್ಚರಿಸುತ್ತಿದ್ದರು. ಅದು ಗಟ್ಟಿಯಾದ ‘ಗ’ ಆದದ್ದು ಇಂಗ್ಲೆಂಡಿಗೆ ಬಂದು ನೆಲೆಸಿದ ಸ್ಕ್ಯಾಂಡಿನೇವಿಯಾದ ವೈಕಿಂಗರ ಮಾತಿನ ಪ್ರಭಾವದಿಂದ. ದೋಚಲು ಬಂದವರ ಬಾಯಿಂದ ಕೊಡುವ ಮಾತಿಗೆ ಒತ್ತು ಸಿಕ್ಕಿತು ಅನ್ನಿ.

ಇನ್ನು ತಾಯಿಯ ವಾಕ್ಯ. ನನ್ನ ದೃಷ್ಟಿಯಲ್ಲಿ ಆ ಐದರಲ್ಲಿ ಅತ್ಯಂತ ಜಾಣ ವಾಕ್ಯ ಇದೇ. ‘ನಮ್ಮವ್ವನ್ನ ದುಂಡಸಿಗೆ ಕೊಟ್ಟಾರ’ ಎಂಬಲ್ಲಿ ಕೊಟ್ಟವರು ಯಾರೆಂದು ಇಲ್ಲ. ಕನ್ನಡಕ್ಕೆ ಅದು ಬೇಕೂ ಇಲ್ಲ, ‘ಕೊಟ್ಟಾರ’ ಎಂಬ ಕ್ರಿಯಾಪದದ ಬಾಲದಲ್ಲೇ ‘ಅವರು’ ಇದ್ದಾರೆ. ಇಂಗ್ಲಿಷು ಮಾತ್ರ ಕರ್ತೃ ಇಲ್ಲದೆ ಬಾಗಿಲು ತೆರೆಯುವುದಿಲ್ಲ. ಕೊಟ್ಟವರ ಹೆಸರು ಹೇಳದೆ ಕೊಟ್ಟ ಸಂಗತಿ ಹೇಳಬೇಕಾದರೆ ಕರ್ಮಣಿ ಪ್ರಯೋಗ ಮಾಡಬೇಕು. ಎಂಟನೆಯ ಇಯತ್ತೆಯ ಹುಡುಗಿ ಇದನ್ನು ತಾನಾಗಿ ಕಂಡುಕೊಂಡು ‘ವಾಸ್ ಗಿವನ್’ ಎಂದು ಬರೆದಿದ್ದಾಳೆ. ವ್ಯಾಕರಣದಲ್ಲಿ ಒಂದು ಕೂದಲೆಳೆಯ ತಪ್ಪಿಲ್ಲ. ಆದರೂ ಇಂಗ್ಲಿಷ್ ಬಲ್ಲವನು ಓದಿದರೆ ಎದೆ ಧಸಕ್ಕೆನ್ನುತ್ತದೆ: ಈಕೆಯ ತಾಯಿಯನ್ನು ಯಾರೋ ಪಾರ್ಸೆಲ್ ಕಟ್ಟಿ ಒಂದು ಊರಿಗೆ ಒಪ್ಪಿಸಿದರೆ?

ಹಾಗಂತ ಇಂಗ್ಲಿಷಿಗೆ ಹೆಣ್ಣು ಕೊಡುವ ಮಾತು ಗೊತ್ತಿಲ್ಲವೆಂದಲ್ಲ. ಇಂಗ್ಲೆಂಡಿನ ಚರ್ಚಿನ ಹಳೆಯ ಮದುವೆ ವಿಧಿಯಲ್ಲಿ, ಈ ಹೆಣ್ಣನ್ನು ಕೊಡುವವರು ಯಾರು ಎಂದು ಪಾದ್ರಿ ಕೇಳುವ ಪ್ರಸಂಗವೇ ಇದೆ. ಮಗಳ ಕೈ ಹಿಡಿದು ತಂದು ಒಪ್ಪಿಸುವ ತಂದೆಯ ಕೆಲಸಕ್ಕೆ ಇಂದಿಗೂ ‘ಗಿವ್ ಅವೇ’ ಎನ್ನುತ್ತಾರೆ. ಆದರೆ ಅಲ್ಲಿ ಹೆಣ್ಣನ್ನು ಕೊಡುವುದು ಗಂಡಿಗೆ, ಊರಿಗಲ್ಲ. ನಮ್ಮಲ್ಲಿ ಹುಡುಗನ ಹೆಸರಿಗಿಂತ ಮೊದಲು ಊರಿನ ಹೆಸರು ಬರುತ್ತದೆ: ‘ದೊಡ್ಡಾಕಿನ್ನ ಬಂಕಾಪುರಕ್ಕ ಕೊಟ್ಟೇವಿ, ಸಣ್ಣಾಕಿನ್ನ ತಡಸಕ್ಕ.’ ಊರಿಗೆ ಹೆಣ್ಣು ಕೊಟ್ಟು ಊರಿನಿಂದ ಹೆಣ್ಣು ತಂದು ಬೀಗತನ ಬೆಳೆಸಿದವರ ಮಾತು ಅದು. ನಮ್ಮ ಧಾರೆ ಎಂಬ ಪದವನ್ನೇ ನೋಡಿ. ಮದುವೆಯಲ್ಲಿ ಕನ್ಯೆಯನ್ನು ಧಾರೆ ಎರೆಯುತ್ತಾರೆ, ಶಾಸನಗಳಲ್ಲಿ ರಾಜರು ಭೂಮಿಯನ್ನು ‘ಧಾರಾಪೂರ್ವಕ’ ಕೊಡುತ್ತಾರೆ. ಎರಡೂ ಕಡೆ ನೀರು ಬಿಟ್ಟರೆ ಕೊಟ್ಟದ್ದು ಕೊಟ್ಟಂತೆಯೇ.

ಒಳಗಿನಿಂದ ಅಕ್ಕ ಇದೆಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ‘ಕೊಟ್ರು, ತಂದ್ರು ಅನ್ನಾಕ ನಾ ಏನ್ ಸಂತ್ಯಾಗಿನ ಸಾಮಾನೇನಪಾ? ಅಕಿ ಬರದದ್ದ ಖರೇ ಐತಿ, ತಪ್ಪು ಯಾಕ ಹಾಕ್ಯಾರ?’ ಎಂದಳು. ವ್ಯಾಕರಣದ ಯಾವ ಪುಸ್ತಕವೂ ಈ ಪ್ರಶ್ನೆಗೆ ಉತ್ತರ ಹೇಳುವುದಿಲ್ಲ. ‘ಅವಳನ್ನು’ ಎಂಬ ದ್ವಿತೀಯೆಯಲ್ಲಿ ಹೆಣ್ಣು ವಸ್ತುವಾಗಿದ್ದಾಳೆ, ‘ದುಂಡಸಿಗೆ’ ಎಂಬ ಚತುರ್ಥಿಯಲ್ಲಿ ಊರು ಪಡೆಯುವವನಾಗಿದೆ, ಕೊಟ್ಟವರು ಕಾಣದೆ ನಿಂತಿದ್ದಾರೆ. ಕನ್ನಡದಲ್ಲಿ ಇದು ಕಿವಿಗೆ ಒಗ್ಗಿಹೋಗಿದೆ. ಇಂಗ್ಲಿಷಿಗೆ ಹಾಕಿದಾಗ ಕಿವಿ ನಿಮಿರಿತು, ಅಷ್ಟೆ. ಅನುವಾದಕ್ಕೆ ಇಂಥ ಉಪಯೋಗವೂ ಉಂಟು.

ಕರ್ಮಣಿಯ ಮಾತು ಬಂದದ್ದರಿಂದ ಇನ್ನೊಂದು. ‘ಐ ವಾಸ್ ಗಿವನ್ ಅ ಬುಕ್’ ಎಂದು ಇಂಗ್ಲಿಷಿನಲ್ಲಿ ಪಡೆದವನೇ ಕರ್ತೃವಿನ ಕುರ್ಚಿಯಲ್ಲಿ ಕೂರಬಹುದು. ಇದನ್ನು ಪದಕ್ಕೆ ಪದ ಕನ್ನಡಿಸಿದರೆ ‘ನಾನು ಪುಸ್ತಕ ಕೊಡಲ್ಪಟ್ಟೆನು’ ಎಂದಾಗಿ ನಗೆಪಾಟಲಾಗುತ್ತದೆ. ‘ನನಗೆ ಪುಸ್ತಕ ಕೊಟ್ಟರು’ ಎಂದರೆ ಮುಗಿಯಿತು. ನಮ್ಮಲ್ಲಿ ‘ಅಲ್ಪಡು’ ಬದುಕಿರುವುದು ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ. ಅದರ ತಮ್ಮನಾದ ‘ಲಾಗಿದೆ’ ಸರ್ಕಾರಿ ಆದೇಶಗಳಲ್ಲಿ ಸುಖವಾಗಿದ್ದಾನೆ: ಅನುಮತಿ ನೀಡಲಾಗಿದೆ, ಸೂಚನೆ ಕೊಡಲಾಗಿದೆ. ಕೊಟ್ಟವರ್‍ಯಾರು ಎಂದು ಕೇಳಲು ಹೋದರೆ ಟೇಬಲ್ಲಿನಿಂದ ಟೇಬಲ್ಲಿಗೆ ಅಲೆಯಬೇಕು.

ಈಗ ಮಳೆ. ಆ ವರ್ಷ ಆಗಸ್ಟ್ ತಿಂಗಳು ಒಣಗಿಯೇ ಹೋಯಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರ ಸಾರಿತು. ದುಂಡಸಿಯ ಕಟ್ಟೆಯ ಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಈ ವರ್ಷ ಮಳಿ ಕೈ ಕೊಟ್ತ ನೋಡ್ರಿ.’ ಹುಡುಗಿ ಅದನ್ನೇ ಬರೆದಳು. ‘ರೇನ್ ಗೇವ್ ಹ್ಯಾಂಡ್.’

ಇಂಗ್ಲಿಷಿನಲ್ಲಿ ‘ಗಿವ್ ಅ ಹ್ಯಾಂಡ್’ ಎಂಬುದೊಂದು ನುಡಿಗಟ್ಟು ಇದ್ದೇ ಇದೆ. ಅರ್ಥ ಮಾತ್ರ ಪೂರ್ತಿ ತಿರುಗುಮುರುಗು: ನೆರವಾಗು ಎಂದು. ಸಭೆಯಲ್ಲಿ ನಿರೂಪಕರು ‘ಗಿವ್ ಹಿಮ್ ಅ ಬಿಗ್ ಹ್ಯಾಂಡ್’ ಎಂದರೆ ಚಪ್ಪಾಳೆ ತಟ್ಟಿ ಎಂದು. ನಮ್ಮಲ್ಲಿ ಕೈ ಕೊಟ್ಟವನಿಗೆ ಚಪ್ಪಾಳೆ ತಟ್ಟುವುದಿಲ್ಲ, ಮನೆ ಮುಂದೆ ಹೋಗಿ ಬೈಯುತ್ತಾರೆ. ಸಾಲ ಪಡೆದವನು ಕೈ ಕೊಡುತ್ತಾನೆ, ನಂಬಿದ ಗೆಳೆಯ ಕೈ ಕೊಡುತ್ತಾನೆ, ಮೋಟಾರು ನಡುಹೊಲದಲ್ಲಿ ಕೈ ಕೊಡುತ್ತದೆ. ಇಂಗ್ಲಿಷಿನವನ ‘ಗಿವ್ ಮಿ ಅ ಹ್ಯಾಂಡ್’ಗೆ ನಮ್ಮ ಕಡೆಯ ಮಾತು ‘ಕೈ ಹಚ್ಚು’. ಗೋವಿನಜೋಳದ ಚೀಲ ಎತ್ತುವಾಗ ‘ಬರ್ರಿ, ಸ್ವಲ್ಪ ಕೈ ಹಚ್ಚರಿ’ ಎನ್ನುತ್ತಾರೆ. ಬೆಳೆ ಬಂದರೆ ‘ಕೈ ಹಿಡೀತು’, ಬಿಟ್ಟು ಹೋದರೆ ‘ಕೈ ಬಿಟ್ತು’, ನಂಬಿಸಿ ಹೋದರೆ ‘ಕೈ ಕೊಟ್ತು’. ಬಿಡುವುದಕ್ಕೂ ಕೊಡುವುದಕ್ಕೂ ಇರುವ ಈ ಅಂತರ ನೋಡಿ. ಕೈ ಬಿಟ್ಟವನಲ್ಲಿ ಬರೀ ಅನಾದರವಿದೆ. ಕೈ ಕೊಟ್ಟವನಲ್ಲಿ ಅದರ ಮೊದಲು ಭರವಸೆ ಇತ್ತು. ಜುಲೈ ತಿಂಗಳ ಮಳೆ ಆಸೆ ಹಚ್ಚಿ, ಬೀಜ ನೆಲಕ್ಕೆ ಬಿದ್ದ ಮೇಲೆ ಮಾಯವಾದದ್ದಕ್ಕೆ ಇದಕ್ಕಿಂತ ಒಳ್ಳೆಯ ಮಾತಿಲ್ಲ. ಇಂಗ್ಲಿಷಿನಲ್ಲಿ ‘ದ ರೇನ್ಸ್ ಫೇಲ್ಡ್’ ಎನ್ನುತ್ತಾರೆ. ಸರಿಯಾದ ವಾಕ್ಯ, ಸಪ್ಪೆ ವಾಕ್ಯ. ಮಳೆ ಪರೀಕ್ಷೆಯಲ್ಲಿ ನಪಾಸಾದ ಹಾಗೆ ಕೇಳಿಸುತ್ತದೆ.

ಪರೀಕ್ಷೆ ಎಂದಾಗ ನೆನಪಾಯಿತು. ದೆಹಲಿಯ ವಿದ್ಯಾರ್ಥಿ ಇಂಗ್ಲಿಷಿನಲ್ಲೂ ಪರೀಕ್ಷೆಯನ್ನು ‘ಗಿವ್’ ಮಾಡುತ್ತಾನೆ, ಅವನ ಹಿಂದಿಯಲ್ಲಿ ಪರೀಕ್ಷೆ ಕೊಡುವುದು ವಿದ್ಯಾರ್ಥಿಯೇ. ನಾವು ಅದನ್ನು ಬರೆಯುತ್ತೇವೆ, ಹಾಗಾಗಿ ‘ರೈಟ್’ ಮಾಡುತ್ತೇವೆ. ಇಂಗ್ಲೆಂಡಿನವರು ಅದಕ್ಕೆ ಕೂರುತ್ತಾರೆ ಅಥವಾ ಅದನ್ನು ತೆಗೆದುಕೊಳ್ಳುತ್ತಾರೆ. ಅವರ ಲೆಕ್ಕದಲ್ಲಿ ಕೊಡುವವನು ಮಾಸ್ತರ. ಒಂದೇ ಮೂರು ತಾಸಿನ ಯಾತನೆ. ಕೊಟ್ಟವರು ಯಾರು, ಪಡೆದವರು ಯಾರು ಎಂಬುದರಲ್ಲಿ ಮಾತ್ರ ಮೂರು ನಾಡಿಗೆ ಮೂರು ನಂಬಿಕೆ.

ಸರಿ ಗುರುತು ಬಿದ್ದ ಸೈಕಲ್ಲಿನ ವಾಕ್ಯವನ್ನು ನಾನು ಬಿಟ್ಟುಬಿಡುತ್ತಿದ್ದೆನೇನೋ. ಅಂಗಳದಲ್ಲಿ ನಿಂತ ಸೈಕಲ್ಲು ಕಣ್ಣಿಗೆ ಬಿದ್ದು, ‘ಇದು ನಿಮ್ಮಪ್ಪನ ಸೈಕಲ್ಲಾ?’ ಎಂದೆ. ‘ಅಲ್ಲ ಮಾಮಾ, ಹುಬ್ಬಳ್ಳ್ಯಾಗ ಹೊಸಾದು ಕೊಡಿಸಿದ್ರು’ ಎಂದಳು. ಕೊಡಿಸಿದರು! ಕೊಟ್ಟರು ಅಲ್ಲ. ಅಂಗಡಿಯವನು ಕೊಟ್ಟ, ದುಡ್ಡು ಅಪ್ಪ ಕೊಟ್ಟ, ಸೈಕಲ್ಲು ಇವಳಿಗೆ ಬಂತು. ಮೂರು ಜನರ ನಡುವಿನ ಈ ವ್ಯವಹಾರವನ್ನು ಕನ್ನಡ ‘ಇಸು’ ಎಂಬ ಒಂದು ತುಣುಕಿನಲ್ಲಿ ಮುಗಿಸಿದೆ. ಇಂಗ್ಲಿಷಿನಲ್ಲಿ ಆ ತುಣುಕು ಇಲ್ಲ, ‘ಬಾಟ್ ಮಿ ಅ ಸೈಕಲ್’ ಎಂದು ಬೇರೆ ಕ್ರಿಯಾಪದಕ್ಕೇ ಹೋಗಬೇಕು. ಹುಡುಗಿಗೆ ಅದು ಹೊಳೆಯಲಿಲ್ಲ, ‘ಗೇವ್’ ಎಂದಳು. ವಾಕ್ಯ ಸರಿಯಾಯಿತು, ಅರ್ಥ ಸೋರಿಹೋಯಿತು. ಅದಕ್ಕೆ ಪೂರ್ಣ ಅಂಕ!

ಕೊಡುವ ಧಾತು ನಮ್ಮಲ್ಲಿ ಎಲ್ಲೆಲ್ಲಿ ಅಡಗಿದೆ ಎಂದು ಹುಡುಕಿದರೆ ಬೆರಗಾಗುತ್ತದೆ. ಹಳಗನ್ನಡದಲ್ಲಿ ‘ಕುಡು’ ಇತ್ತು, ‘ಈ’ ಎಂಬ ಇನ್ನೊಂದು ಒಂಟಿ ಅಕ್ಷರದ ಧಾತುವೂ ಇತ್ತು. ‘ಇತ್ತನು’ ಎಂಬ ರೂಪ ಕಾವ್ಯ ಓದಿದವರಿಗೆಲ್ಲ ಗೊತ್ತು. ಆ ‘ಈ’ ಸತ್ತಿತು ಎಂದುಕೊಂಡಿದ್ದೇವೆ, ಸತ್ತಿಲ್ಲ. ‘ಅವನ ಕಡೆಯಿಂದ ರೊಕ್ಕ ಇಸ್ಕೊ’ ಎನ್ನುತ್ತೇವಲ್ಲ, ಆ ಇಸಿದುಕೊಳ್ಳುವುದೆಂದರೆ ತನಗೆ ಕೊಡುವಂತೆ ಮಾಡಿಕೊಳ್ಳುವುದು. ಪಡೆಯುವ ಕ್ರಿಯೆಯ ಹೊಟ್ಟೆಯಲ್ಲಿ ಕೊಡುವ ಧಾತು ಕೂತಿದೆ. ತಮಿಳಿನ ‘ತೊಲ್ಕಾಪ್ಪಿಯಂ’ ಇದೇ ‘ಈ’, ‘ತಾ’, ‘ಕೊಡು’ ಮೂರಕ್ಕೂ ಅಂತಸ್ತು ಹಂಚಿದೆ: ಬೇಡುವವನು ಕೆಳಗಿನವನಾದರೆ ‘ಈ’, ಸಮನಾದರೆ ‘ತಾ’, ಮೇಲಿನವನಾದರೆ ‘ಕೊಡು’. ಮಲಯಾಳದಲ್ಲಿ ಇಂದಿಗೂ ನನಗೆ, ನಿನಗೆ ಕೊಡುವುದಕ್ಕೆ ‘ತರು’, ಮೂರನೆಯವನಿಗೆ ಕೊಡುವುದಕ್ಕೆ ‘ಕೊಡುಕ್ಕು’. ಕನ್ನಡದ ಕಿವಿಗೆ ‘ತರು’ ಎಂದರೆ ತೆಗೆದುಕೊಂಡು ಬರುವುದು, ಹಾಗಾಗಿ ಕಾಸರಗೋಡಿನ ಗಡಿ ದಾಟುವಾಗ ಈ ಪದದ ಕೆಲಸವೇ ಬದಲಾಗುತ್ತದೆ. ಪಪುವಾ ನ್ಯೂಗಿನಿಯ ಅಮೆಲೆ ಎಂಬ ಭಾಷೆಯಲ್ಲಂತೂ ‘ಕೊಡು’ ಎಂಬುದಕ್ಕೆ ಧಾತುವೇ ಇಲ್ಲ. ಯಾರಿಗೆ, ಯಾರು, ಯಾವಾಗ ಎಂಬ ಪ್ರತ್ಯಯಗಳನ್ನಷ್ಟೇ ಜೋಡಿಸಿದರೆ ಕೊಟ್ಟಾಯಿತು!

ನಮ್ಮ ಭಾಷೆಯ ಲಿಖಿತ ಚರಿತ್ರೆಯ ಆರಂಭಕಾಲದಲ್ಲೇ ಕೊಡುವ ಮಾತಿದೆ. 5ನೆಯ ಶತಮಾನದ್ದೆಂದು ಎಣಿಸುವ ಹಲ್ಮಿಡಿ ಶಾಸನದಲ್ಲಿ ‘ಕೊಟ್ಟಾರ್’ ಎಂಬ ಕ್ರಿಯಾಪದವಿದೆ. ಯುದ್ಧದಲ್ಲಿ ಗೆದ್ದು ಬಂದವನಿಗೆ ಕತ್ತಿ ತೊಳೆಯುವ ಗೌರವವಾಗಿ ಎರಡು ಹಳ್ಳಿ ಕೊಟ್ಟ ಸಂಗತಿ ಅದು. ಆ ‘ಕೊಟ್ಟಾರ್’ಗೂ ನಮ್ಮಕ್ಕನ ಊರಿನ ‘ಕೊಟ್ಟಾರ’ಗೂ ಸುಮಾರು ಒಂದೂವರೆ ಸಾವಿರ ವರ್ಷದ ಅಂತರ, ಕಿವಿಗೆ ಒಂದು ಅರ್ಧಾಕ್ಷರದ ಅಂತರ. ಆಮೇಲಿನ ಶಾಸನಗಳಲ್ಲಿ ಕೊಡುಗೆಗೆ ಎಷ್ಟು ಬಗೆ! ಕಾದಿ ಸತ್ತವನ ಮನೆಯವರಿಗೆ ನೆತ್ತರುಗೊಡಗೆ, ಕೆರೆ ನೋಡಿಕೊಳ್ಳುವವರಿಗೆ ಕೆರೆಗೊಡಗೆ. ಕೆಲವೊಮ್ಮೆ ‘ಕೊಟ್ಟರು’ ಎನ್ನದೆ ‘ಬಿಟ್ಟರು’ ಎಂದೇ ಬರೆಸುತ್ತಿದ್ದರು, ದೇವರಿಗೆ ಬಿಟ್ಟ ದತ್ತಿ. ಹಾನಗಲ್ಲಿನ ಕದಂಬರ ಸೀಮೆಯಲ್ಲಿ ಓಡಾಡಿದವರಿಗೆ ಇಂಥ ಕಲ್ಲುಗಳು ಹೊಸತಲ್ಲ.

ಈ ‘ಬಿಡು’ ಇಂಗ್ಲಿಷ್ ಕಲಿಯುವವರಿಗೆ ಒಂದು ಒಳ್ಳೆಯ ಬೀಗದಕೈ. ಇಂಗ್ಲಿಷು ಕೊಡುವ ಎಷ್ಟೋ ಕಡೆ ಕನ್ನಡ ಬಿಡುತ್ತದೆ. ರಸ್ತೆಯ ತಲೆಕೆಳಗಾದ ತ್ರಿಕೋನದ ಫಲಕದ ಅರ್ಥ ‘ಗಿವ್ ವೇ’, ನಾವು ‘ಹಾದಿ ಬಿಡ್ರಿ’ ಎನ್ನುತ್ತೇವೆ. ಬೀಡಿ ಸೇದುವುದನ್ನು ಅವರು ‘ಗಿವ್ ಅಪ್’ ಮಾಡುತ್ತಾರೆ, ನಾವು ಬಿಡುತ್ತೇವೆ. ಗುಟ್ಟನ್ನು ಅವರು ‘ಗಿವ್ ಅವೇ’ ಮಾಡಿದರೆ ನಾವು ಬಿಟ್ಟುಕೊಡುತ್ತೇವೆ; ಇಲ್ಲಿ ಎರಡೂ ಸೇರಿದವು. ಸಿ.ಕೆ. ಆಗ್ಡೆನ್ ಎಂಬವರು 1930ರಲ್ಲಿ ಕೇವಲ 850 ಪದಗಳ ‘ಬೇಸಿಕ್ ಇಂಗ್ಲಿಷ್’ ಕಟ್ಟಿದಾಗ ಇಡೀ ಭಾಷೆಯಿಂದ ಉಳಿಸಿಕೊಂಡದ್ದು ಬೆರಳೆಣಿಕೆಯ ಕ್ರಿಯಾಪದಗಳನ್ನು, ಅದರಲ್ಲಿ ‘ಗಿವ್’ ಒಂದು. ಒಂದು ಚಿಕ್ಕ ಬಾಲ ಹಚ್ಚಿದರೆ ಅದು ಹತ್ತು ಕೆಲಸ ಮಾಡುತ್ತದೆ ಎಂಬುದು ಅವರ ಲೆಕ್ಕ. ಕಲಿಯುವವನಿಗೆ ತಲೆನೋವೂ ಅದೇ ಬಾಲದ್ದು.

ನಮ್ಮ ‘ಕೊಡು’ವಿನ ಚಾಕರಿ ಬೇರೆ ರೀತಿಯದು. ಅದು ಇನ್ನೊಂದು ಕ್ರಿಯಾಪದದ ಹಿಂದೆ ನಿಂತು, ಈ ಕೆಲಸ ಇನ್ನೊಬ್ಬರ ಸಲುವಾಗಿ ಎಂದು ಹೇಳುತ್ತದೆ. ಬರೆದುಕೊಡು, ಬಾಗಿಲು ತೆಗೆದುಕೊಡು, ಬುತ್ತಿ ಕಟ್ಟಿಕೊಡು. ಕೈಯಿಂದ ಕೈಗೆ ಯಾವ ವಸ್ತುವೂ ದಾಟದಿದ್ದರೂ ನಡೆಯುತ್ತದೆ. ಇಂಗ್ಲಿಷಿನಲ್ಲಿ ಇಲ್ಲೆಲ್ಲ ‘ಗಿವ್’ ಸುಳಿಯುವುದಿಲ್ಲ, ‘ಫಾರ್’ ಬರುತ್ತದೆ. ‘ಹೇಳಿಕೊಡು’ ಎಂಬುದಕ್ಕಂತೂ ‘ಟೀಚ್’ ಎಂಬ ಬೇರೆಯೇ ಪದ. ಇನ್ನು ‘ನೀಡು’ ಎಂಬುದರ ಪಾಡು ಪತ್ರಿಕೆ ಓದುವವರಿಗೆ ಗೊತ್ತು. ಮಂತ್ರಿಗಳು ಭೇಟಿ ನೀಡಿದರು, ಚಾಲನೆ ನೀಡಿದರು, ಪ್ರತಿಕ್ರಿಯೆ ನೀಡಿದರು, ಭರವಸೆ ನೀಡಿದರು. ನಾಲ್ಕನ್ನೂ ‘ಗೇವ್’ ಎಂದು ಇಂಗ್ಲಿಷಿಗೆ ಹಾಕಿದರೆ ಭರವಸೆಯೂ ಪ್ರತಿಕ್ರಿಯೆಯೂ ಹೇಗೋ ದಡ ಸೇರಿಯಾವು. ಭೇಟಿಯನ್ನು ಇಂಗ್ಲಿಷಿನವರು ಕೊಡುವುದಿಲ್ಲ, ದುಡ್ಡಿನ ಹಾಗೆ ‘ಪೇ’ ಮಾಡುತ್ತಾರೆ.

ವಿನಯದ ಮಾತೂ ಇದೆ. ‘ನೀರ ಕೊಡ್ರಿ’ ಎನ್ನುವಾಗ ಗೌರವ ‘ರಿ’ಯಲ್ಲಿದೆ, ಅದಕ್ಕೆ ‘ದಯವಿಟ್ಟು’ ಬೇಕಿಲ್ಲ. ಹಾಕಿದರೆ ರೈಲ್ವೆ ನಿಲ್ದಾಣದ ಘೋಷಣೆಯಂತೆ ಕೇಳುತ್ತದೆ. ‘ಗಿವ್ ಮಿ ವಾಟರ್’ಗೆ ‘ರಿ’ ಇಲ್ಲ. ನಮ್ಮವರು ಹೊರದೇಶದ ಹೋಟೆಲಿನಲ್ಲಿ ಹೀಗೆ ಕೇಳಿ ಒರಟರೆನಿಸಿಕೊಳ್ಳುವುದು ಸೊಕ್ಕಿನಿಂದಲ್ಲ, ಬಾಯಲ್ಲಿ ಹೇಳದೆ ಮನಸ್ಸಿನಲ್ಲಿ ಉಳಿದ ಆ ‘ರಿ’ಯಿಂದ.

ಕೊಡುವ ಮಾತು ನಾವು ನೆನೆಯದ ಕಡೆಯೂ ಅಡಗಿದೆ. ಮೊಬೈಲಿನ ‘ಡೇಟಾ’ ಲ್ಯಾಟಿನ್ನಿನಲ್ಲಿ ‘ಕೊಟ್ಟವುಗಳು’. ಅದಕ್ಕೆ ನಾವು ಕಟ್ಟಿಕೊಂಡ ‘ದತ್ತಾಂಶ’ವೂ ಕೊಟ್ಟದ್ದೇ. ತಾರೀಖಿನ ‘ಡೇಟ್’ ಹುಟ್ಟಿದ್ದು ಪತ್ರದ ಮೇಲೆ ‘ಇಂಥಲ್ಲಿ ಕೊಟ್ಟದ್ದು’ ಎಂದು ಬರೆಯುವ ರೋಮನ್ ರೂಢಿಯಿಂದ. ಲಸಿಕೆಯ ‘ಡೋಸ್’ ಗ್ರೀಕಿನಲ್ಲಿ ‘ಕೊಡುವಿಕೆ’. ಜರ್ಮನ್ನಿನಲ್ಲಿ ‘ಗಿಫ್ಟ್’ ಎಂದರೆ ವಿಷ, ಅದೂ ಹೀಗೆ ಕೊಟ್ಟ ಔಷಧದಿಂದ ಜಾರಿದ ಅರ್ಥ. ಹುಟ್ಟುಹಬ್ಬಕ್ಕೆ ಜರ್ಮನಿಗೆ ಹೋಗುವವರು ಎಚ್ಚರವಾಗಿರಬೇಕು.

ಎರಡು ಭಾಷೆಯನ್ನೂ ಹೀಗೆ ಕೂಡಿಸಿ ನೋಡುವುದು ನಮ್ಮ ಕಡೆ ಹೊಸತಲ್ಲ. ಇದೇ ಜಿಲ್ಲೆಯ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಓದಿ, ಹೈದರಾಬಾದಿನಲ್ಲಿ ದೇಶದ ಇಂಗ್ಲಿಷ್ ಮಾಸ್ತರರನ್ನು ತಯಾರು ಮಾಡುವ ಕೇಂದ್ರ ಸಂಸ್ಥೆಯ ನಿರ್ದೇಶಕರಾಗಿದ್ದವರು. ಶಾಲೆಯಲ್ಲಿ ಕನ್ನಡವೇ ಪ್ರಥಮ ಭಾಷೆ ಆಗಬೇಕು ಎಂದು 1981ರಲ್ಲಿ ವರದಿ ಕೊಟ್ಟವರೂ ಅವರೇ. ಹತ್ತಿಮತ್ತೂರಿನ ಚಂದ್ರಶೇಖರ ಪಾಟೀಲರು, ನಮ್ಮೆಲ್ಲರ ಚಂಪಾ, ಧಾರವಾಡದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದುಕೊಂಡೇ ಕನ್ನಡಕ್ಕಾಗಿ ಬೀದಿಗಿಳಿದವರು. ಎರಡು ಭಾಷೆಯನ್ನೂ ಒಳಗಿನಿಂದ ಬಲ್ಲವರು ಇವರು. ಅವರ ಜಿಲ್ಲೆಯಲ್ಲೇ ಇಂದು ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಆಡಬಾರದು ಎಂಬ ಹಟ ಕಂಡಾಗ ನನಗೆ ಇರುಸುಮುರುಸಾಗುತ್ತದೆ. ‘ಗೆ’ ಎಲ್ಲಿ ಹೋಯಿತು ಎಂದು ಕನ್ನಡದಲ್ಲಿ ಎರಡು ನಿಮಿಷ ಹೇಳಿದ್ದರೆ ಸಾಕಿತ್ತು, ಆ ಹುಡುಗಿಯ ಪೆನ್ನಿನ ವಾಕ್ಯ ಅವತ್ತೇ ನೇರವಾಗುತ್ತಿತ್ತು.

ಅಷ್ಟರಲ್ಲಿ ಅಕ್ಕ ‘ಊಟಕ್ಕ ನೀಡ್ಲ್ಯಾ?’ ಎಂದು ಕರೆದಳು. ಹುಡುಗಿ ಏಳುತ್ತ, ‘ಇದಕ್ಕೂ ಗಿವ್ ಬರಂಗಿಲ್ಲೇನ್ ಮಾಮಾ?’ ಎಂದಳು. ಬರಂಗಿಲ್ಲ, ‘ಸರ್ವ್’ ಅಂತಾರ ಎಂದೆ.

ನಿಮ್ಮ ಮನೆಯಲ್ಲೂ ಶಾಲೆಗೆ ಹೋಗುವ ಮಗುವಿದ್ದರೆ ಇಂಗ್ಲಿಷಿನ ನೋಟ್‌ಬುಕ್ಕು ಒಮ್ಮೆ ತೆರೆಸಿ. ಕೆಂಪು ಗೆರೆ ಬಿದ್ದ ವಾಕ್ಯವನ್ನು ತಿದ್ದುವ ಮೊದಲು ಅದನ್ನು ಕನ್ನಡದಲ್ಲಿ ಹೇಳಿಸಿ ಕೇಳಿ. ಸರಿ ಗುರುತು ಬಿದ್ದದ್ದನ್ನೂ ಹೇಳಿಸಿ.